ಹರಕೆಯ ವಾಕ್ಯವನ್ನು ಓದುವುದು

(ದೀರ್ಘ ಕಾಯಿಲೆಯವರನ್ನು ಮನೆಯಲ್ಲಿ ನೋಡಿಕೊಳ್ಳುವವರಿಗೂ ಆರೈಕೆಯ ಸ್ವಯಂಸೇವಕರಿಗೂ ಮಂಗಳೂರಿನಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಮಂಗಳೂರಿನ ಯಾವ ಆಸ್ಪತ್ರೆಯ ವಾರ್ಡಿಗೆ ಬೇಕಾದರೂ ಹೋಗಿ ನೋಡಿ. ರೋಗಿಯ ದಿಂಬಿನಡಿಯಲ್ಲಿ ಏನಾದರೊಂದು ಇದ್ದೇ ಇರುತ್ತದೆ: ಕಟೀಲು ದೇವಸ್ಥಾನದ ಕುಂಕುಮದ ಪೊಟ್ಟಣ, ಜಪಸರ, ದರ್ಗಾದಿಂದ ತಂದ ನೂಲು. ಕೆಲವು ದಿಂಬುಗಳ ಅಡಿಯಲ್ಲಿ ಮೂರೂ ಇರುತ್ತವೆ. ಈ ವಿಷಯದಲ್ಲಿ ನಮ್ಮ ಊರಿನವರು ಬಹಳ ಜಾಗ್ರತೆಯವರು, ತಟ್ಟದೆ ಬಿಟ್ಟ ಬಾಗಿಲು ಒಂದೂ ಇರಬಾರದು. ಪಕ್ಕದಲ್ಲಿ ಡ್ರಿಪ್ಪು ತೊಟ್ಟಿಕ್ಕುತ್ತಿರುತ್ತದೆ. ದಿಂಬಿನಡಿಯ ಪೊಟ್ಟಣ ಕೊಡುವುದು ನಿಜವಾದ ಭರವಸೆಯೋ, ಪೊಳ್ಳು ಸಮಾಧಾನವೋ ಎಂಬುದು ನನಗೆ ಕೊಟ್ಟ ಪ್ರಶ್ನೆ.

ದೇವರು ಇದ್ದಾನೋ ಇಲ್ಲವೋ ಎಂಬುದನ್ನು ಈ ಸಭಾಂಗಣದಲ್ಲಿ ಒಂದು ಗಂಟೆಯೊಳಗೆ ತೀರ್ಮಾನ ಮಾಡಲು ಆಗುವುದಿಲ್ಲ, ನಾನು ಅದಕ್ಕೆ ಕೈ ಹಾಕುವುದೂ ಇಲ್ಲ. ಅದಕ್ಕಿಂತ ಸಣ್ಣದಾದ, ಕೈಗೆ ಸಿಗುವ ಒಂದು ವಸ್ತುವನ್ನು ಮುಂದಿಟ್ಟುಕೊಳ್ಳೋಣ. ಹರಕೆ.

ಹರಸುವುದಕ್ಕೂ ಹರಕೆ ಎನ್ನುತ್ತೇವೆ, ಹೊತ್ತುಕೊಳ್ಳುವುದಕ್ಕೂ ಹರಕೆ ಎನ್ನುತ್ತೇವೆ. ಹೊತ್ತುಕೊಳ್ಳುವ ಹರಕೆಯ ವಾಕ್ಯವನ್ನು ಬಿಡಿಸಿದರೆ ನಾಲ್ಕು ಸಂಗತಿ ಸಿಗುತ್ತವೆ: ಯಾರಿಗೆ, ಏನಾಗಬೇಕು, ಏನನ್ನು ಒಪ್ಪಿಸುವುದು, ಯಾವಾಗ. "ಕಳೆದುಹೋದ ಸರ ಸಿಕ್ಕಿದರೆ ಕೊರಗಜ್ಜ ದೈವಕ್ಕೆ ಚಕ್ಕುಲಿ, ಬೀಡ, ಕಳ್ಳು ಇಡುತ್ತೇನೆ." ನಾಲ್ಕೂ ಇದರಲ್ಲಿವೆ. ಈ ಹರಕೆ ಹೇಳಿಕೊಂಡವರು ಆಮೇಲೆ ಏನು ಮಾಡುತ್ತಾರೆ ಎಂಬುದನ್ನು ಗಮನಿಸಿದ್ದೀರಾ? ಜಗಲಿಯಲ್ಲಿ ಕಾಲು ಚಾಚಿ ಕೂರುವುದಿಲ್ಲ. ಚಾಪೆ ಕೊಡವುತ್ತಾರೆ, ಬಚ್ಚಲಿನ ತೂಬಿಗೆ ಕೈ ಹಾಕುತ್ತಾರೆ, ನಿನ್ನೆ ಹೋದ ಮದುವೆ ಹಾಲಿಗೆ ಫೋನು ಮಾಡುತ್ತಾರೆ. ಹರಕೆ ಹೇಳುವ ಮೊದಲು ಅಳುತ್ತಾ ಹುಡುಕುತ್ತಿದ್ದವರು, ಹೇಳಿದ ಮೇಲೆ ಸಾವಧಾನವಾಗಿ ಹುಡುಕುತ್ತಾರೆ. ತುಳುನಾಡಿನ ದೈವಗಳ ನುಡಿಯಲ್ಲಿ ನಂಬಿದವರಿಗೆ ಇಂಬು ಕೊಡುತ್ತೇನೆ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಇಂಬು ಎಂದರೆ ಜಾಗ, ಆಸರೆ, ಕಾಲೂರಲು ಸ್ಥಳ. ಸರವನ್ನು ತಂದು ಕೈಯಲ್ಲಿಡುತ್ತೇನೆ ಎಂದು ಆ ಮಾತಿನಲ್ಲಿ ಎಲ್ಲೂ ಇಲ್ಲ.

ಹರಕೆಯ ವಾಕ್ಯದ ಜೀವ ಇರುವುದು ನಡುವಿನ 'ಆದರೆ' ಎಂಬ ಪದದಲ್ಲಿ. ಆಪರೇಷನ್ ಸಸೂತ್ರ ಆದರೆ, ಜ್ವರ ಇಳಿದರೆ, ಸರ ಸಿಕ್ಕಿದರೆ. ಕೊಡುವುದು ಆಮೇಲೆ. ಮುಡಿಪು ಕಟ್ಟಿ ದೇವರ ಮುಂದಿಟ್ಟರೂ ಅದು ನೆನಪಿಗೆ ಇಟ್ಟ ಕಾಸು ಮಾತ್ರ. ಕಟೀಲಿನ ಮೇಳದ ಸೇವೆಯಾಟಕ್ಕೆ, ಅಂದರೆ ಹರಕೆಯ ಯಕ್ಷಗಾನಕ್ಕೆ, ಹೆಸರು ಬರೆಸಿದವರು ವರ್ಷಗಟ್ಟಲೆ ಸರದಿ ಕಾಯುತ್ತಾರೆ. ಹರಕೆ ತೀರಿಸಲು ಅವಸರ ಮಾಡುವವರು ಯಾರೂ ಇಲ್ಲ, ಅಮ್ಮನವರೂ ಕಾಯುತ್ತಾರೆ. ಇದನ್ನು ಈಗಿನ 'ಪರಿಹಾರ'ದ ವ್ಯಾಪಾರದ ಪಕ್ಕದಲ್ಲಿಟ್ಟು ನೋಡಿ. ಅಲ್ಲಿ ಹಣ ಮೊದಲು. ಗುಣವಾಗದಿದ್ದರೆ ಇನ್ನೊಂದು ದೋಷ ಕಾಣಿಸಿಕೊಳ್ಳುತ್ತದೆ, ಮೊತ್ತ ಏರುತ್ತದೆ. ಮೂರನೇ ಸಲಕ್ಕೆ ಹತ್ತಿರದ ಸಂಬಂಧಿಯೊಬ್ಬರು ಮಾಟ ಮಾಡಿಸಿದ್ದಾರೆ ಎಂಬ ಸುದ್ದಿ ಹೊರಡುತ್ತದೆ, ಅಲ್ಲಿಗೆ ಆಸ್ಪತ್ರೆಗೆ ಜತೆಯಾಗಬೇಕಾಗಿದ್ದ ಒಬ್ಬರನ್ನೂ ಮನೆ ಕಳೆದುಕೊಳ್ಳುತ್ತದೆ. ನಮ್ಮ ಹಿರಿಯರ ಹರಕೆಯಲ್ಲಿ ಗ್ರಾಹಕನಿಗೆ ಇದ್ದ ರಕ್ಷಣೆ ಇದರಲ್ಲಿ ಇಲ್ಲ. ಗ್ರಾಹಕ ಎಂಬ ಪದ ಇಲ್ಲಿ ಒರಟಾಯಿತು, ಗೊತ್ತು.

ಈಗ ಒಂದು ಕಾಯಿಲೆಯನ್ನು ಪೂರ್ತಿಯಾಗಿ ನೋಡೋಣ. ನಾನು ಆರಿಸಿಕೊಂಡದ್ದು ಸರ್ಪಸುತ್ತು. ನಾಗಾರಾಧನೆಯ ನಾಡಿನಲ್ಲಿ ಆ ಹೆಸರೇ ಅರ್ಧ ರೋಗ. ಬಾಲ್ಯದಲ್ಲಿ ಚಿಕನ್‌ಪಾಕ್ಸ್ ತಂದ ವೈರಸ್ ಬೆನ್ನುಹುರಿಯ ಪಕ್ಕದ ನರಗಳ ಬುಡದಲ್ಲಿ ದಶಕಗಟ್ಟಲೆ ಮಲಗಿರುತ್ತದೆ. ಐವತ್ತು ದಾಟಿದ ಮೇಲೆ, ಅಥವಾ ಸಕ್ಕರೆ ಕಾಯಿಲೆ, ಕ್ಯಾನ್ಸರ್ ಮದ್ದು, ಸ್ಟಿರಾಯ್ಡ್‌ನಿಂದ ದೇಹದ ಪ್ರತಿರೋಧ ಇಳಿದಾಗ ಅದು ಒಂದು ನರದ ದಾರಿ ಹಿಡಿದು ಚರ್ಮಕ್ಕೆ ಬರುತ್ತದೆ. ಮೊದಲು ಎರಡು ಮೂರು ದಿನ ಬರೀ ಉರಿ. ಎದೆಯ ಎಡಗಡೆ ಬಂದರೆ ಹೃದಯ ಎಂದು ಓಡಿಹೋದವರಿದ್ದಾರೆ. ಆಮೇಲೆ ಕೆಂಪು ಪಟ್ಟಿ, ಅದರ ಮೇಲೆ ನೀರು ಗುಳ್ಳೆ. ಏಳರಿಂದ ಹತ್ತು ದಿನದಲ್ಲಿ ಗುಳ್ಳೆ ಒಣಗಿ ಹಕ್ಕಳೆಯಾಗುತ್ತದೆ, ಎರಡರಿಂದ ನಾಲ್ಕು ವಾರದಲ್ಲಿ ಚರ್ಮ ತಾನಾಗಿಯೇ ವಾಸಿಯಾಗುತ್ತದೆ.

ತಾನಾಗಿಯೇ ಎಂಬುದನ್ನು ಅಡಿಗೆರೆ ಹಾಕಿ ಬರೆದುಕೊಳ್ಳಿ.

ಹಾವಿನ ತಲೆಯೂ ಬಾಲವೂ ಸೊಂಟದ ಸುತ್ತ ಬಂದು ಕೂಡಿದರೆ ಮನುಷ್ಯ ಉಳಿಯುವುದಿಲ್ಲ ಎಂಬ ಹೆದರಿಕೆ ಎಲ್ಲರಿಗೂ ಗೊತ್ತು. ನಮ್ಮ ಮೈಯ ನರಗಳು ಎಡಗಡೆಯವು ಎಡಕ್ಕೆ, ಬಲಗಡೆಯವು ಬಲಕ್ಕೆ, ನಡುಗೆರೆಯ ಹತ್ತಿರ ನಿಂತುಬಿಡುತ್ತವೆ. ಸಾಮಾನ್ಯವಾಗಿ ಒಂದೇ ಕಡೆಯ ನರದಲ್ಲಿ ಬರುವ ಈ ಪಟ್ಟಿ ಹೊಟ್ಟೆಯ ನಡುವಿಗೆ ಬಂದು ನಿಲ್ಲುತ್ತದೆ. ತಲೆ ಬಾಲ ಕೂಡುವುದೇ ಅಪರೂಪ. ಆದ್ದರಿಂದ ನೀವು ಏನು ಮಾಡಿದರೂ ಹಾವು ಅರ್ಧದಲ್ಲಿ ನಿಲ್ಲುತ್ತದೆ. ಮಣ್ಣು ಹಚ್ಚಿದರೂ, ಸೊಪ್ಪಿನ ರಸ ಬಳಿದರೂ, ನಾಗನಿಗೆ ತಂಬಿಲದ ಸೇವೆ ಹೇಳಿಕೊಂಡರೂ, ಏನೂ ಮಾಡದೆ ಸುಮ್ಮನಿದ್ದರೂ ನಿಲ್ಲುತ್ತದೆ. ಕೊನೆಗೆ ಯಾರು ಕೈ ಆಡಿಸಿದ್ದರೋ ಅವರಿಗೆ ಹೆಸರು. ಸುಳ್ಳು ಹೇಳಿದವರು ಇಲ್ಲಿ ಯಾರೂ ಇಲ್ಲ, ಕಣ್ಣಿಗೆ ಕಂಡದ್ದನ್ನೇ ಎಲ್ಲರೂ ಹೇಳುತ್ತಿದ್ದಾರೆ.

ಹಾಗಾದರೆ ನಷ್ಟ ಎಲ್ಲಿ? ಮೊದಲ 72 ಗಂಟೆಗಳಲ್ಲಿ. ಈ ವೈರಸ್ಸನ್ನು ತಡೆಯುವ ಅಸೈಕ್ಲೋವಿರ್ ಗುಳಿಗೆಯನ್ನು 800 ಮಿಲಿಗ್ರಾಂನಂತೆ ದಿನಕ್ಕೆ ಐದು ಸಲ ಏಳು ದಿನ ಕೊಡುವುದು ಬಹುಕಾಲದ ಕ್ರಮ, ಕಿಡ್ನಿ ತೊಂದರೆ ಇದ್ದವರಿಗೆ ಪ್ರಮಾಣ ಇಳಿಸಬೇಕಾಗುತ್ತದೆ. ಗುಳ್ಳೆ ಕಾಣಿಸಿದ ಮೂರು ದಿನದೊಳಗೆ ಸುರು ಮಾಡಿದರೆ ಗುಳ್ಳೆ ಬೇಗ ಒಣಗುತ್ತದೆ, ತೀವ್ರ ನೋವು ಬೇಗ ಇಳಿಯುತ್ತದೆ. ಹಣೆಯಲ್ಲಿ, ಕಣ್ಣಿನ ಸುತ್ತ, ಮೂಗಿನ ತುದಿಯಲ್ಲಿ ಗುಳ್ಳೆ ಬಂದರೆ ಅದೇ ದಿನ ಕಣ್ಣಿನ ಡಾಕ್ಟರರಿಗೆ ತೋರಿಸಬೇಕು, ದೃಷ್ಟಿಯೇ ಹೋಗುವ ಅಪಾಯ ಇದೆ. ಚರ್ಮ ಒಣಗಿದ ಮೇಲೂ ಅರುವತ್ತು ದಾಟಿದ ಕೆಲವರಿಗೆ ಆ ಜಾಗದಲ್ಲಿ ಅಂಗಿ ತಾಗಿದರೂ ಸುಡುವ ನೋವು ತಿಂಗಳುಗಟ್ಟಲೆ ಉಳಿಯುತ್ತದೆ. ಗುಳ್ಳೆ ಒಡೆದ ಮೇಲೆ ಮಣ್ಣು ಮೆತ್ತಿದರೆ ಕೀವು. ನಾಗನಿಗೆ ತಂಬಿಲ ಹೇಳಿಕೊಳ್ಳುವುದಕ್ಕೆ ಎರಡು ನಿಮಿಷ ಸಾಕು. ಅದರಿಂದ ಯಾರಿಗೂ ನಷ್ಟ ಇಲ್ಲ, ರಾತ್ರಿ ನಿದ್ದೆ ಬಂದರೆ ಲಾಭವೇ. ಮೂರು ದಿನವನ್ನೂ ಅದಕ್ಕೇ ಕೊಟ್ಟವರು ಕಳೆದುಕೊಳ್ಳುತ್ತಾರೆ.

ಅರಸಿನ ಕಾಮಾಲೆಯ ಕತೆಯೂ ಇದೇ ಜಾತಿಯದು. ನೀರಿನಿಂದ ಬರುವ ಹೆಪಟೈಟಿಸ್ ಎ ಹೆಚ್ಚಿನವರಲ್ಲಿ ವಾರಗಳಲ್ಲಿ ತಾನಾಗಿ ಇಳಿಯುತ್ತದೆ, ಬೇರು ಅರೆದು ಕೊಟ್ಟವರಿಗೆ ಹೆಸರು ಬರುತ್ತದೆ. ಆದರೆ ಮಳೆಗಾಲದಲ್ಲಿ ನಮ್ಮ ಕರಾವಳಿಯಲ್ಲಿ ಇಲಿಜ್ವರ ಇದೆ. ಕಣ್ಣು ಹಳದಿಯಾಗುವುದರ ಜತೆಗೆ ಜ್ವರ, ಮೀನಖಂಡದಲ್ಲಿ ಮುಟ್ಟಗೊಡದ ನೋವು, ಮೂತ್ರ ಕಡಿಮೆಯಾಗುವುದು ಇದ್ದರೆ ಬೇರಿನ ಮದ್ದಿಗೆ ಕಾಯುವಂತಿಲ್ಲ. ಕಿಡ್ನಿ ಕೈಕೊಡಲು ಹೆಚ್ಚು ದಿನ ಬೇಕಿಲ್ಲ. ಹಾವು ಕಚ್ಚಿದಾಗಲೂ ಹಾಗೆಯೇ. ಹೆಚ್ಚಿನ ಹಾವುಗಳಿಗೆ ವಿಷವಿಲ್ಲ, ವಿಷದ ಹಾವು ಕಚ್ಚಿದಾಗಲೂ ಎಲ್ಲ ಸಲ ವಿಷ ಮೈಗೆ ಸೇರುವುದಿಲ್ಲ, ಮಂತ್ರ ಗೆಲ್ಲುವುದು ಆ ಲೆಕ್ಕದಲ್ಲಿ. ಕೊಳಕುಮಂಡಲದ ವಿಷ ಮೈಗೆ ಸೇರಿದೆಯೇ ಎಂದು ತಿಳಿಯುವ ಪರೀಕ್ಷೆ ಬಹಳ ಸರಳ: ಎರಡು ಮಿಲಿ ರಕ್ತವನ್ನು ಒಣಗಿದ ಹೊಸ ಗಾಜಿನ ನಳಿಕೆಯಲ್ಲಿ ಅಲುಗಾಡಿಸದೆ ಇಪ್ಪತ್ತು ನಿಮಿಷ ಇಡುವುದು. ಹೆಪ್ಪುಗಟ್ಟದಿದ್ದರೆ ಪ್ರತಿವಿಷ ಬೇಕು, ಮೊದಲ ಸುತ್ತಿನಲ್ಲೇ ಎಂಟರಿಂದ ಹತ್ತು ಬಾಟಲಿ. ನಾಯಿ, ಹಾವು, ಚೇಳು ಕಚ್ಚಿದವರನ್ನು ಚಿಕಿತ್ಸೆಗೆ ಹೋಗದಂತೆ ತಡೆದು ಮಂತ್ರ, ತಾಯಿತ ಮಾಡುವುದು ಕರ್ನಾಟಕದಲ್ಲಿ ಅಪರಾಧ. 2017ರಲ್ಲಿ ಒಪ್ಪಿಗೆಯಾಗಿ 2020ರಲ್ಲಿ ಜಾರಿಗೆ ಬಂದ ಕಾಯ್ದೆ ಅದು. ಅದೇ ಕಾಯ್ದೆ ಪ್ರದಕ್ಷಿಣೆ, ಯಾತ್ರೆಗಳಂಥ ಆಚರಣೆಯನ್ನು ಮುಟ್ಟಿಲ್ಲ. ಗೆರೆಯನ್ನು ಸರಿಯಾದ ಜಾಗದಲ್ಲೇ ಎಳೆದಿದ್ದಾರೆ ಎಂದು ನನ್ನ ಅಭಿಪ್ರಾಯ. ನಂಬಿದ್ದಕ್ಕೆ ಶಿಕ್ಷೆ ಇಲ್ಲ, ದಾರಿಗೆ ಅಡ್ಡ ನಿಂತದ್ದಕ್ಕೆ ಇದೆ.

ಪ್ರಾರ್ಥನೆಯನ್ನೇ ಪರೀಕ್ಷೆಗೆ ಒಡ್ಡಲಿಲ್ಲವೇ ಎಂದು ಕೇಳುತ್ತೀರಿ. ಒಡ್ಡಿದ್ದಾರೆ. 2006ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಆರು ಆಸ್ಪತ್ರೆಗಳ 1,802 ಬೈಪಾಸ್ ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಮೂರು ಗುಂಪು ಮಾಡಿದರು. ಮೊದಲ ಎರಡು ಗುಂಪಿಗೆ, ನಿಮಗಾಗಿ ಪ್ರಾರ್ಥಿಸಬಹುದು ಅಥವಾ ಪ್ರಾರ್ಥಿಸದಿರಬಹುದು ಎಂದಷ್ಟೇ ಹೇಳಿದರು. ಅವರಲ್ಲಿ ಒಂದು ಗುಂಪಿಗೆ ಮಾತ್ರ ಪ್ರಾರ್ಥನೆ ನಡೆಯಿತು. ಮೂರನೆಯವರಿಗೆ ಖಂಡಿತ ಪ್ರಾರ್ಥಿಸುತ್ತೇವೆ ಎಂದು ಹೇಳಿ ಪ್ರಾರ್ಥಿಸಿದರು. ಆಪರೇಷನ್ನಿನ ಹಿಂದಿನ ರಾತ್ರಿಯಿಂದ ಹದಿನಾಲ್ಕು ದಿನ, ಹೆಸರು ಹಿಡಿದು. ತಿಂಗಳೊಳಗೆ ತೊಂದರೆ ಕಾಣಿಸಿಕೊಂಡದ್ದು ಗೊತ್ತಿಲ್ಲದೆ ಪ್ರಾರ್ಥನೆ ಪಡೆದವರಲ್ಲಿ ಶೇಕಡ 52, ಪ್ರಾರ್ಥನೆಯೇ ಇಲ್ಲದವರಲ್ಲಿ ಶೇಕಡ 51. ತಮಗಾಗಿ ಪ್ರಾರ್ಥನೆ ಖಂಡಿತ ನಡೆಯುತ್ತಿದೆ ಎಂದು ತಿಳಿದಿದ್ದವರಲ್ಲಿ ಶೇಕಡ 59. ಈ ಕೊನೆಯ ಅಂಕಿ ಆಕಸ್ಮಿಕವೂ ಇರಬಹುದು. ಪ್ರಾರ್ಥನೆಯ ತಂಡವನ್ನೇ ಕರೆಸುವಷ್ಟು ನನಗೆ ಜೋರಾಗಿದೆಯೇ ಎಂಬ ಅಂಜಿಕೆಯೂ ಇರಬಹುದು. ಏನೇ ಇರಲಿ, ಅಪರಿಚಿತರು ದೂರದಿಂದ ಅಳತೆಯ ಪ್ರಕಾರ ಕೊಟ್ಟ ಪ್ರಾರ್ಥನೆ ಗುಳಿಗೆಯ ಹಾಗೆ ಕೆಲಸ ಮಾಡಲಿಲ್ಲ. ಸಂಪ್ರದಾಯಸ್ಥರಿಗೆ ಇದರಿಂದ ಬೇಸರವಾಗಬೇಕಿಲ್ಲ, ದೇವರನ್ನು ಪರೀಕ್ಷಿಸಬಾರದು ಎಂದು ಅವರು ಮೊದಲಿನಿಂದಲೂ ಹೇಳುತ್ತಿದ್ದಾರೆ.

ಇದಕ್ಕೆ ಎದುರು ಇನ್ನೊಂದು. ಅಮೆರಿಕದ 74,534 ಮಂದಿ ನರ್ಸುಗಳನ್ನು ಹದಿನಾರು ವರ್ಷ ಅನುಸರಿಸಿ 2016ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ವಾರಕ್ಕೆ ಒಂದಕ್ಕಿಂತ ಹೆಚ್ಚು ಸಲ ಆರಾಧನೆಗೆ ಹೋಗುವವರಲ್ಲಿ, ಹೋಗದೇ ಇರುವವರಿಗಿಂತ ಸಾವಿನ ಪ್ರಮಾಣ ಶೇಕಡ 33 ಕಡಿಮೆ ಇತ್ತು. ಇದು ಚೀಟಿ ಎತ್ತಿ ಮಾಡಿದ್ದಲ್ಲ. ಹೋಗಲು ಕಾಲಲ್ಲಿ ಬಲ ಇದ್ದವರೇ ಹೋಗುವುದು ಎಂಬ ಅನುಮಾನ ಇದ್ದೇ ಇದೆ, ಅದನ್ನು ಸರಿದೂಗಿಸಲು ಅವರು ಸಾಕಷ್ಟು ಲೆಕ್ಕ ಹಾಕಿದ್ದಾರೆ. ಕಾರಣಗಳೆಂದು ಕಂಡವು ಖಿನ್ನತೆ ಕಡಿಮೆ, ಧೂಮಪಾನ ಕಡಿಮೆ, ಜನರ ನಂಟು ಹೆಚ್ಚು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಭಜನಾ ಮಂದಿರ, ಚರ್ಚಿನ ವಾರ್ಡಿನ ಮುಖಂಡರಾದ ಗುರ್ಕಾರ್ರು, ಶುಕ್ರವಾರದ ಜುಮಾ. ಎರಡು ವಾರ ಬರದಿದ್ದರೆ "ಎಂತ ಮಾರಾಯ್ರೇ, ಹುಷಾರಿಲ್ವಾ?" ಎಂದು ಮನೆ ಬಾಗಿಲಿಗೆ ಬರುವವರು ಇರುತ್ತಾರೆ. ಮಕ್ಕಳು ದುಬೈಯಲ್ಲೋ ಬೆಂಗಳೂರಿನಲ್ಲೋ ಇರುವ ಮನೆಗಳಲ್ಲಿ ಇದು ಸಣ್ಣ ಸಂಗತಿ ಅಲ್ಲ.

ನಂಬಿಕೆ ನೇರವಾಗಿ ಗಾಯ ಮಾಡುವುದು ಒಂದು ಕಡೆ ಇದೆ, ಆರೈಕೆಗೆ ಹೋಗುವವರು ಅದಕ್ಕೆ ಕಿವಿ ತೆರೆದಿಡಬೇಕು. "ನಾನು ಏನು ಪಾಪ ಮಾಡಿದ್ದೆ?", "ದೇವರು ನನ್ನನ್ನು ಬಿಟ್ಟುಬಿಟ್ಟ." 596 ಮಂದಿ ಹಿರಿಯ ರೋಗಿಗಳನ್ನು ಎರಡು ವರ್ಷ ಅನುಸರಿಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ದೇವರು ಕೈಬಿಟ್ಟ, ಇದು ಸೈತಾನನ ಕೆಲಸ ಎಂದುಕೊಂಡವರಲ್ಲಿ ಸಾವಿನ ಸಂಭವ ಹೆಚ್ಚಿತ್ತು. ಇದೇ ನಂಬಿಕೆ, ಇದೇ ದೇವರು, ವಾಕ್ಯ ಮಾತ್ರ ಬೇರೆ. ಮಕ್ಕಳಾಗದ ಮನೆಯಲ್ಲಿ ನಾಗದೋಷ ಎಂದು ಹೇಳಿ ಹೆಂಗಸನ್ನು ಒಂದು ಜ್ಯೋತಿಷ್ಯ ಪ್ರಶ್ನೆಯಿಂದ ಇನ್ನೊಂದಕ್ಕೆ ಕರೆದುಕೊಂಡು ಹೋಗುವುದನ್ನು ನೋಡಿದ್ದೀರಿ. ನಾಗನಿಗೆ ಆಶ್ಲೇಷಾ ಬಲಿಯ ಪೂಜೆ ಮಾಡಿಸಿ, ಬೇಡ ಎನ್ನುವುದಿಲ್ಲ. ಒಂದು ವರ್ಷ ಪ್ರಯತ್ನಿಸಿಯೂ ಆಗದಿದ್ದರೆ, ಹೆಂಡತಿಗೆ ಮೂವತ್ತೈದು ದಾಟಿದ್ದರೆ ಆರೇ ತಿಂಗಳಿಗೆ, ಗಂಡನ ವೀರ್ಯ ಪರೀಕ್ಷೆಯೂ ಆಗಬೇಕು. ಎರಡರಿಂದ ಏಳು ದಿನ ಬಿಟ್ಟು ಕೊಡುವ ಒಂದು ಮಾದರಿ, ಅಷ್ಟೇ. ಅದನ್ನು ಮಾಡಿಸಲು ನಾಚಿಕೊಂಡು ನಾಗನ ಹೆಸರು ಹೇಳಿ ಹೊರೆಯನ್ನು ಹೆಂಡತಿಯ ತಲೆಗೆ ಕಟ್ಟಿದರೆ, ಅದನ್ನು ಭಕ್ತಿ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಇನ್ನು ನಿಮ್ಮಲ್ಲಿ ಹೆಚ್ಚಿನವರು ಬಂದಿರುವ ಕಾರಣಕ್ಕೆ ಬರುತ್ತೇನೆ. ಗುಣವಾಗುವುದಿಲ್ಲ ಎಂದು ಡಾಕ್ಟರರು ಹೇಳಿದ ಮೇಲೆ ಏನು?

ಆಸ್ಪತ್ರೆಗಳ ಗೋಡೆಯಲ್ಲಿ "ವೈದ್ಯೋ ನಾರಾಯಣೋ ಹರಿಃ" ಎಂದು ಬರೆದಿರುತ್ತಾರೆ. ವೈದ್ಯನೇ ನಾರಾಯಣ ಎಂದು ನಾವು ಓದಿಕೊಳ್ಳುತ್ತೇವೆ, ಡಾಕ್ಟರರಿಗೂ ಸಂತೋಷ. ಆದರೆ ಅದು ಶ್ಲೋಕದ ಬಾಲ ಮಾತ್ರ. ಮೊದಲ ಸಾಲು "ಶರೀರೇ ಜರ್ಜರೀಭೂತೇ ವ್ಯಾಧಿಗ್ರಸ್ತೇ ಕಲೇವರೇ". ಶರೀರ ಜರ್ಜರಿತವಾದಾಗ, ರೋಗ ಪೂರ್ತಿ ಹಿಡಿದಾಗ ಗಂಗಾಜಲವೇ ಔಷಧ, ಹರಿಯೇ ವೈದ್ಯ. ಅಂದರೆ ಇನ್ನು ಚುಚ್ಚುವುದು ಸಾಕು ಎಂಬ ಮಾತು. ಐಸಿಯುವಿನ ಬಾಗಿಲಲ್ಲಿ ಪೂರ್ತಿ ಶ್ಲೋಕ ಬರೆದರೆ ಬಿಲ್ಲು ಎಷ್ಟೋ ಇಳಿದೀತು.

ಹಾಸ್ಯ ಬಿಡಿ. ಮುಂದುವರಿದ ಕ್ಯಾನ್ಸರಿನ 345 ರೋಗಿಗಳ ಅಧ್ಯಯನವೊಂದು 2009ರಲ್ಲಿ ಬಂತು. ಧರ್ಮವನ್ನು ಬಹಳವಾಗಿ ಆತುಕೊಂಡವರಲ್ಲಿ ಶೇಕಡ 11.3 ಮಂದಿಗೆ ಕೊನೆಗಾಲದಲ್ಲಿ ವೆಂಟಿಲೇಟರ್ ಹಾಕಿದ್ದರು. ಅಷ್ಟಾಗಿ ಆತುಕೊಳ್ಳದವರಲ್ಲಿ ಶೇಕಡ 3.6. ನಂಬಿದವರಿಗೇ ಸಮಾಧಾನದ ಸಾವು ಸಿಗಬೇಕಾಗಿತ್ತು, ಆದದ್ದು ತಿರುಗುಮುರುಗು. ಹರಕೆಯ ವಾಕ್ಯದಲ್ಲಿ 'ಗುಣವಾದರೆ' ಎಂಬುದೊಂದೇ ಇದ್ದರೆ, ಕೊಳವೆ ತೆಗೆಯಲು ಒಪ್ಪುವುದು ದೇವರಿಗೆ ಬೆನ್ನು ಹಾಕಿದ ಹಾಗೆ ಅನ್ನಿಸಬಹುದು.

ಆಗ ನೀವು ಮಾತಾಡುವ ಕ್ರಮ ಮುಖ್ಯ. ಮನೆಯವರು "ದೇವರು ಕೈಬಿಡುವುದಿಲ್ಲ" ಎಂದರೆ ವಾದ ಹೂಡಬೇಡಿ, ಸುಮ್ಮನೆ ತಲೆಯಾಡಿಸಿಯೂ ಬರಬೇಡಿ. "ಗುಣವಾಗಲಿ ಎಂದು ಕೇಳಿಕೊಂಡಿದ್ದೀರಿ. ಅದರ ಜತೆಗೆ ಬೇರೆ ಏನು ಕೇಳಿಕೊಳ್ಳುತ್ತೀರಿ?" ಎಂದು ಕೇಳಿ. ಸ್ವಲ್ಪ ಹೊತ್ತು ಉತ್ತರ ಬರುವುದಿಲ್ಲ. ನೀವೇ ತುಂಬಿಸಲು ಹೋಗಬೇಡಿ, ಕಾಯಿರಿ. ನೋವು ಇರಬಾರದು, ರಾತ್ರಿ ನಿದ್ದೆ ಬರಬೇಕು, ಮಗಳು ಊರಿಗೆ ಬರುವವರೆಗೆ ಮಾತು ನಿಲ್ಲಬಾರದು, ಮನೆಯಲ್ಲೇ ಆಗಬೇಕು. ಇಂಥವು ಬರುತ್ತವೆ. ಇವೆಲ್ಲ ನಮ್ಮ ನಿಮ್ಮ ಕೈಯಿಂದ ಬಹುಮಟ್ಟಿಗೆ ಆಗುವಂಥವು.

ನೋವಿಗೆ ಬಾಯಿಯಿಂದ ಕೊಡುವ ಮಾರ್ಫಿನ್ ಇದೆ. ಸಾಮಾನ್ಯವಾಗಿ 5 ಅಥವಾ 10 ಮಿಲಿಗ್ರಾಂನಿಂದ ಸುರು, ನಾಲ್ಕು ಗಂಟೆಗೊಮ್ಮೆ, ನೋವು ಬರುವ ಮೊದಲೇ. ಮಧ್ಯರಾತ್ರಿ ಎಬ್ಬಿಸುವುದು ಬೇಡ ಎಂದು ಮಲಗುವಾಗ ಎರಡು ಪಾಲು ಕೊಡುವ ಕ್ರಮ ಇದೆ, ಡಾಕ್ಟರರು ಬರೆದ ಪ್ರಕಾರ. ಮೊದಲ ದಿನದಿಂದಲೇ ಮಲ ಸಡಿಲಿಸುವ ಮದ್ದು ಜತೆಗಿರಬೇಕು. ಹೊಟ್ಟೆ ಕಟ್ಟಿ ಮಾರ್ಫಿನ್ನೇ ಬೇಡ ಎಂದು ಬಿಟ್ಟವರು ಬಹಳ. ವಾಕರಿಕೆ ಕೆಲವು ದಿನದಲ್ಲಿ ಇಳಿಯುತ್ತದೆ. ಚಟ ಹಿಡಿಯುತ್ತದೆ ಎಂಬ ಹೆದರಿಕೆಗೆ ಈ ಹಂತದಲ್ಲಿ ಅರ್ಥವಿಲ್ಲ. ಮಾದಕ ವಸ್ತುಗಳ ಕಾಯ್ದೆಯನ್ನು 2014ರಲ್ಲಿ ತಿದ್ದಿದ ಮೇಲೆ ಆಸ್ಪತ್ರೆಗಳಿಗೆ ಇದನ್ನು ಇಟ್ಟುಕೊಳ್ಳುವುದು ಮೊದಲಿಗಿಂತ ಸುಲಭವಾಗಿದೆ. ಇಲ್ಲಿ ಒಂದು ಸಣ್ಣ ಅಡ್ಡಮಾತು: ಧರ್ಮ ಜನರ ಅಫೀಮು ಎಂಬ ಮಾರ್ಕ್ಸ್‌ನ ಮಾತು 1844ರಲ್ಲಿ ಅಚ್ಚಾದದ್ದು. ಆ ಕಾಲಕ್ಕೆ ಯುರೋಪಿನಲ್ಲಿ ಅಫೀಮು ನೋವಿಗೆ ಕೊಡುವ ಮದ್ದು. ಧರ್ಮ ನೊಂದ ಜೀವಿಯ ನಿಟ್ಟುಸಿರು ಎಂದೂ ಅಲ್ಲೇ ಬರೆದಿದ್ದಾನೆ. ಮಾರ್ಫಿನ್ ಬರುವುದೂ ಅಫೀಮಿನಿಂದಲೇ. ಅದು ಗೆಡ್ಡೆಯನ್ನು ಕರಗಿಸುವುದಿಲ್ಲ, ಕರಗಿಸುತ್ತೇನೆ ಎಂದು ಹೇಳುವುದೂ ಇಲ್ಲ. ಅದು ಕೊಡುವ ನಾಲ್ಕು ಗಂಟೆಯ ಸಮಾಧಾನವನ್ನು ಸುಳ್ಳು ಎಂದವರನ್ನು ನಾನು ಕಂಡಿಲ್ಲ.

ಕೊನೆಯ ದಿನಗಳ ಆಚರಣೆಗಳ ಬಗ್ಗೆ ಕೆಲವು ಎಚ್ಚರಿಕೆ. ಪ್ರಜ್ಞೆ ತಪ್ಪಿದವರಿಗೆ ನುಂಗುವ ಶಕ್ತಿ ಇರುವುದಿಲ್ಲ. ಗಂಗಾಜಲವನ್ನಾಗಲಿ, ಝಮ್‌ಝಮ್ ನೀರನ್ನಾಗಲಿ ಚಮಚದಲ್ಲಿ ಹೊಯ್ದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ, ಕೆಮ್ಮಲೂ ಆಗದೆ ಗೊರಗೊರ ಸುರುವಾಗುತ್ತದೆ. ಹತ್ತಿಯನ್ನೋ ತುಳಸಿ ಎಲೆಯನ್ನೋ ಅದ್ದಿ ತುಟಿಗೆ ಮುಟ್ಟಿಸಿ, ಒಣಗಿದ ಬಾಯಿಗೂ ಅದು ಹಿತ. ಕ್ರೈಸ್ತರ ಮನೆಯಲ್ಲಿ ಫಾದರನ್ನು ಕರೆಸಿದರೆ ರೋಗಿ ಹೆದರುತ್ತಾರೆ ಎಂದು ಕೊನೆಯ ಗಳಿಗೆಯವರೆಗೆ ತಡ ಮಾಡುತ್ತಾರೆ. ರೋಗಿಗಳಿಗೆ ಎಣ್ಣೆ ಹಚ್ಚುವ ಸಂಸ್ಕಾರ ಸಾಯುವವರಿಗೆ ಮಾತ್ರ ಅಲ್ಲ, ಜೋರು ಕಾಯಿಲೆ ಇರುವ ಯಾರಿಗೂ ಆಗುತ್ತದೆ, ಮಾತು ಇರುವಾಗಲೇ ಆದರೆ ಒಳ್ಳೆಯದು. ಉಪವಾಸದ ಹರಕೆ ಹೊತ್ತ ಸಕ್ಕರೆ ಕಾಯಿಲೆಯವರು, ರಮ್ಜಾನ್ ಹಿಡಿಯುವವರು, ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಅಥವಾ 300 ದಾಟಿದರೆ ಆ ಕ್ಷಣ ಮುರಿಯಬೇಕು. ರೋಗಿಗಳಿಗೆ ವಿನಾಯಿತಿ ಎಲ್ಲ ಧರ್ಮದಲ್ಲೂ ಇದೆ. ನೀವು ಹೇಳಿದರೆ ಕೇಳದವರು ಭಟ್ಟರೋ ಉಸ್ತಾದರೋ ಹೇಳಿದರೆ ಕೇಳುತ್ತಾರೆ, ಅವರ ಫೋನ್ ನಂಬರನ್ನು ಡಾಕ್ಟರರ ನಂಬರಿನ ಕೆಳಗೇ ಬರೆದಿಟ್ಟುಕೊಳ್ಳಿ.

ಕೊನೆಯಲ್ಲಿ ಸಭೆಯಿಂದ ಬಂದ ಚೀಟಿಯಲ್ಲಿ ಒಂದು ಪ್ರಶ್ನೆ ಇತ್ತು: ಹರಕೆ ಹೇಳಿಕೊಂಡಿದ್ದೆವು, ಆದರೂ ಅವರು ಉಳಿಯಲಿಲ್ಲ, ಹರಕೆ ತೀರಿಸಬೇಕೇ? ತೀರಿಸದಿದ್ದರೆ ಉಳಿದವರಿಗೆ ಏನಾದರೂ ಆದೀತೇ ಎಂಬ ಹೆದರಿಕೆ ಆ ಚೀಟಿಯ ಹಿಂದೆ ಇದೆ.

ನೀವು ಹೇಳಿಕೊಂಡ ವಾಕ್ಯವನ್ನು ನೆನಪು ಮಾಡಿಕೊಳ್ಳಿ. 'ಗುಣವಾದರೆ' ಎಂದಿದ್ದರೆ, ಆಗಲಿಲ್ಲ, ಅಲ್ಲಿಗೆ ಸಾಲವೇ ಇಲ್ಲ. ಮನಸ್ಸು ಕೇಳದಿದ್ದರೆ ಒಂದು ಕಾಣಿಕೆ ಹಾಕಿ ಪ್ರಾರ್ಥನೆ ಮಾಡಿ ಮುಡಿಪನ್ನು ಬಿಡಿಸಿಕೊಳ್ಳಿ. ತಪ್ಪುಕಾಣಿಕೆ ಎಂದು ದೊಡ್ಡ ಮೊತ್ತ ಹೇಳುವವರು ಸಿಕ್ಕರೆ ಎದ್ದು ಬನ್ನಿ. ಆದರೆ ನಡುವೆ ಯಾವತ್ತಾದರೂ, ಬಹುಶಃ ಒಂದು ರಾತ್ರಿ ಮಂಚದ ಪಕ್ಕದಲ್ಲಿ ಕೂತು, "ಇನ್ನು ನೋವಿಲ್ಲದೆ ಹೋಗಲಿ, ಒಂದು ಹೂವಿನ ಪೂಜೆ ಮಾಡಿಸುತ್ತೇನೆ" ಎಂದು ಹೇಳಿಕೊಂಡದ್ದುಂಟೇ? ನೋವಿಲ್ಲದೆ ಹೋದರೇ? ಹಾಗಿದ್ದರೆ ಆ ಪೂಜೆಯೊಂದು ಬಾಕಿ ಇದೆ.